ಬಾಯಾರ ಗಾಡಿಯ ಒತ್ತುಗಾಲಿ

ಪುಣೆಯಿಂದ ನಮ್ಮ ಡಾಕ್ಟರ್ ಬಾಯಾರ ಅಣ್ಣನ ಮಗ ಫೋನು ಮಾಡಿದಾಗ ನಾನು ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. "ಆತ್ಯಾ ಹೋದರು" ಎಂದು ತಮ್ಮ ಸೋದರತ್ತೆಯ ಸುದ್ದಿಯನ್ನಷ್ಟೇ ಹೇಳಿದರು. ಫೋನು ಇಟ್ಟ ಮೇಲೆ ಟವೆಲ್ಲು ಹುಡುಕುತ್ತ ಪಡಸಾಲೆಯಲ್ಲಿ ಸುತ್ತಾಡಿದೆ. ಟವೆಲ್ಲು ನನ್ನ ಹೆಗಲ ಮೇಲೆಯೇ ಇತ್ತು.

ಆಮೇಲೆ ಬೈಲಹೊಂಗಲದಲ್ಲಿ ಅವರನ್ನು ನೆನೆಯಲು ನಾವೊಂದಿಷ್ಟು ಜನ ಕೂಡಿದೆವು. ಎಲ್ಲರೂ ಅವರ ಕೈಗುಣದ ಮಾತಾಡಿದರು. "ನಮ್ಮ ಓಣಿ ಅರ್ಧಾ ಅವರ ಕೈಯಾಗ ಹುಟ್ಟೇತ್ರಿ" ಎಂದು ಒಬ್ಬರು ಹೇಳಿದರು. ಅದು ಖರೆ. ಆದರೆ ಅವರ ಗಾಡಿಯ ಸುದ್ದಿಯನ್ನು ಯಾರೂ ತೆಗೆಯಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರ ದವಾಖಾನೆಯಲ್ಲಿ ಕಂಪೌಂಡರನಾಗಿದ್ದ ನನಗೆ ಅವರೆಂದರೆ ಆ ಗಾಡಿ. ಅದರ ಎಂಜಿನ್ನಿನೊಳಗಿನ ಒಂದು ಸಣ್ಣ ಗಾಲಿಯ ಸಲುವಾಗಿ ನಡೆದ ಜಗಳ, ಆ ಜಗಳದ ಕೊನೆಗೆ ಒಬ್ಬ ಹುಡುಗಿಯ ಜೀವ ಅದೇ ಗಾಲಿಯ ಮೇಲೆ ಹೋಗಿ ನಿಂತ ಮಧ್ಯಾಹ್ನ, ಇವು ಮೊದಲು ನೆನಪಾಗುತ್ತವೆ. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಕೇಳಿದ್ದಿದ್ದರೆ ಕೇಳಿದ್ದು ಎಂದೇ ಹೇಳುತ್ತೇನೆ.

ನಮ್ಮದು ಪೌರೋಹಿತ್ಯದ ಮನೆ. ನಾನು ಮಂತ್ರ ಬಿಟ್ಟು ಮಿಕ್ಸ್ಚರ್ ಕಲಸುವುದಕ್ಕೆ ನಿಂತಾಗ ಅಪ್ಪ ಸಿಟ್ಟಾಗಲಿಲ್ಲ. "ನಾನೂ ತೀರ್ಥಾ ಕೊಡತೇನಿ, ನೀನೂ ತೀರ್ಥಾ ಕೊಡತಿ. ನಿಂದು ಕಹಿ ಇರತದ, ಅಷ್ಟ" ಎಂದು ನಕ್ಕಿದ್ದರು. ಜನ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಅದನ್ನು ತೊಳೆದು, ಔಷಧ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂಬುದಕ್ಕೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವುದು ನನ್ನ ಕೆಲಸ.

ಬಾಯಾರು ಎಂದೇ ಎಲ್ಲರೂ ಕರೆಯುತ್ತಿದ್ದರು. ಕುಳ್ಳಗಿನ ದೇಹ, ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಓಣಿಯ ಆಚೆ ತುದಿಗೂ ಮುಟ್ಟುವ ದನಿ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಹವ್ಯಾಸ ಅವರಿಗಿರಲಿಲ್ಲ. ಒಮ್ಮೆ ಒಬ್ಬ ಅತ್ತೆ, ಸೊಸೆ ಮೂರನೆಯದನ್ನೂ ಹೆಣ್ಣು ಹಡೆದಳೆಂದು ಬಾಗಿಲಲ್ಲಿ ನಿಂತು ಅಳಲು ಹತ್ತಿದಳು. ಬಾಯಾರು ಕೈ ತೊಳೆಯುತ್ತ ತಿರುಗಿ ನೋಡಿ, "ಅಲ್ಲಬೇ ಯವ್ವಾ, ನೀ ಏನ ಗಂಡಾಗಿ ಹುಟ್ಟಿದ್ದೇನು?" ಎಂದರು. ಆಕೆ ಅಳುವುದನ್ನು ನಿಲ್ಲಿಸಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು.

ಗಾಡಿ ಅವರ ಅಣ್ಣನದು. ಆ ಅಣ್ಣ ಮುಂಬಯಿಯಲ್ಲಿ ನೌಕರಿಯಲ್ಲಿದ್ದರು. ದೇಶ ಬಿಟ್ಟು ಹೊರಟಿದ್ದ ಒಬ್ಬ ಪರದೇಶಿ ಅಧಿಕಾರಿಯಿಂದ ಅದನ್ನು ಕೊಂಡಿದ್ದರಂತೆ. ಕೊಂಡ ಕೆಲ ಕಾಲಕ್ಕೆ ತೀರಿಕೊಂಡರು, ಗಾಡಿ ತಂಗಿಗೆ ಬಂತು. ಇಟಲಿಯಲ್ಲಿ ತಯಾರಾದದ್ದು. ಎರಡೇ ಬಾಗಿಲು, ನೆಲಕ್ಕೆ ಹತ್ತಿದಂತೆ ತಗ್ಗಾಗಿತ್ತು, ಬಣ್ಣ ಕೆಂಪು. ಎಂಜಿನ್ನು ರೇಸಿನ ಗಾಡಿಗೆ ಹೆಚ್ಚು ಹತ್ತಿರ, ಮಂದಿ ಒಯ್ಯುವ ಗಾಡಿಗೆ ಕಡಿಮೆ. ನಮ್ಮ ಎರೆಮಣ್ಣಿನ ಧೂಳು ಕೂತು ಕೆಂಪು ಮಸುಕಾದರೂ ಜನ ಅದಕ್ಕೆ "ಕೆಂಪಿರಿವಿ" ಎಂದು ಹೆಸರಿಟ್ಟಿದ್ದರು. ಸವದತ್ತಿ ಮತ್ತು ಯರಗಟ್ಟಿಯಲ್ಲಿ ಸಂತೆಯ ದಿನ ಬಾಯಾರು ರೋಗಿಗಳನ್ನು ನೋಡುತ್ತಿದ್ದರು. ಆಗೀಗ ರಾಮದುರ್ಗದವರೆಗೂ ಕರೆ ಬರುತ್ತಿತ್ತು. ಪಕ್ಕದಲ್ಲಿ ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಾನು ಕೂಡುತ್ತಿದ್ದೆ. ಬಸ್ಸನ್ನು ಹಿಂದೆ ಹಾಕುವಾಗ ಅವರು ಸಣ್ಣಗೆ ಗುನುಗುತ್ತಿದ್ದರು. ನಾನು ಗುರುಗಳ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ.

"ಕಂಪೌಂಡರ, ಏನೋ ಅಂತೀರಲಾ?"

"ಏನಿಲ್ರಿ ಬಾಯಾರ."

"ಅಂದ್ಕೋರಿ, ಅಂದ್ಕೋರಿ. ಬ್ರೇಕಿಗೂ ಬಲಾ ಬೇಕಾಗತದ."

ಗಾಡಿ ನೋಡಿಕೊಳ್ಳುತ್ತಿದ್ದವರು ಇಮಾಮಸಾಬ ಮಿಸ್ತ್ರಿ. ಹತ್ತಿ ಬಿಡಿಸುವ ಜಿನ್ನು, ಹಿಟ್ಟಿನ ಗಿರಣಿ, ಲಾರಿ, ಪಂಪು, ಊರಿನ ಯಂತ್ರಗಳೆಲ್ಲ ಅವರ ಕೈಯಲ್ಲೇ. ಅವರ ಮಾತು ಯಂತ್ರಕ್ಕಿಂತ ಜೋರು, ಅಭಿಮಾನ ಅದಕ್ಕಿಂತ ಜೋರು. ಈ ಎಂಜಿನ್ನಿನ ಮುಚ್ಚಳ ಮೊದಲ ಸಲ ತೆಗೆದ ದಿನ ಅವರು ಹೌಹಾರಿದ್ದನ್ನು ನಾನು ನೋಡಿದ್ದೇನೆ. ಎಂಜಿನ್ನಿನ ಕೆಳಗಿನ ಓಟವನ್ನೂ ಮೇಲಿನ ವಾಲ್ವುಗಳ ಓಟವನ್ನೂ ಒಂದೇ ತಾಳದಲ್ಲಿ ಹಿಡಿಯುವುದಕ್ಕೆ ಉಳಿದ ಗಾಡಿಗಳಲ್ಲಿ ಕಬ್ಬಿಣದ ಚೈನು ಇರುತ್ತಿತ್ತು. ಇದರಲ್ಲಿ ಹಲ್ಲುಳ್ಳ ರಬ್ಬರಿನ ಪಟ್ಟಾ ಇತ್ತು.

"ಯಾ ಅಲ್ಲಾ! ಹಿಟ್ಟಿನ ಗಿರಣಿ ಐತಲ್ರೀ ಒಳಗ!" ಎಂದರು.

ಆ ಪಟ್ಟಾ ಸಡಿಲಾಗದಂತೆ ಬೆನ್ನಿನಿಂದ ಒತ್ತಿ ಹಿಡಿಯಲು ಅಂಗೈಯಲ್ಲಿ ಹಿಡಿಯುವಷ್ಟು ಒಂದು ಗಾಲಿ. ಪುಸ್ತಕದಲ್ಲಿ ಟೆನ್ಷನರ್ ಎಂದಿತ್ತು. ಮಿಸ್ತ್ರಿ ಅದಕ್ಕೆ ಒತ್ತುಗಾಲಿ ಎಂದರು, ನಮಗೂ ಅದೇ ರೂಢಿಯಾಯಿತು. ಆ ಗಾಲಿ ಕೈಕೊಟ್ಟರೆ ಪಟ್ಟಾ ಹಲ್ಲು ತಪ್ಪುತ್ತದೆ. ಪಟ್ಟಾ ತಪ್ಪಿದರೆ ಪಿಸ್ಟನ್ನು ಮೇಲೆ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

ಹಾಗೆ ಒಮ್ಮೆ ಆಯಿತು. ಅದಕ್ಕೆ ಕಾರಣ ನಮ್ಮೂರಿನವರು ಮಾತ್ರ ಮಾಡಬಲ್ಲ ಒಂದು ತಪ್ಪು. ಗಿರಣಿಯ ಚರ್ಮದ ಪಟ್ಟಾ ಜಾರಬಾರದೆಂದು ಅದಕ್ಕೆ ರಾಳ ಹಚ್ಚುತ್ತಾರೆ. ಮಿಸ್ತ್ರಿ ಪ್ರೀತಿಯಿಂದ ಈ ಪಟ್ಟಾಕ್ಕೂ ರಾಳ ಹಚ್ಚಿಬಿಟ್ಟಿದ್ದರು. ಜಿನ್ನಿನ ಹತ್ತಿಯ ಎಳೆ ಊರ ಗಾಳಿಯಲ್ಲಿ ಸದಾ ತೇಲುತ್ತಿರುತ್ತದೆ. ಅದು ರಾಳಕ್ಕೆ ಅಂಟಿ, ಧೂಳು ಅದಕ್ಕೆ ಅಂಟಿ, ಒತ್ತುಗಾಲಿಯ ಬೇರಿಂಗು ಬಿಗಿದುಕೊಂಡಿತು. ಯರಗಟ್ಟಿ ದಾಟಿದ ಮೇಲೆ ಗಾಡಿ ಒಮ್ಮೆ ಕೆಮ್ಮಿ ನಿಂತಿತು. ನಾವಿಬ್ಬರೂ ಚಕ್ಕಡಿಯಲ್ಲಿ ಊರಿಗೆ ಬಂದೆವು.

ಬಂದವರೇ ಬಾಯಾರು ಮಿಸ್ತ್ರಿಯ ಕಡೆ ನಡೆದರು. "ಇಮಾಮಸಾಬ, ಒಳಗ ಏನ ಮಾಡೀರಿ? ಹಲ್ವಾ?"

"ಪಟ್ಟಾ ಅಂದ್ರ ರಾಳ ಹಚ್ಚೂದ್ರಿ ಬಾಯಾರ. ನಮ್ಮಪ್ಪನ ಕಾಲದಿಂದ ಹಂಗ."

"ನಿಮ್ಮಪ್ಪ ಇಟಲಿಗೆ ಹೋಗಿದ್ರೇನು?"

ಹುಬ್ಬಳ್ಳಿಗೆ ಒಯ್ದು ವಾಲ್ವುಗಳನ್ನು ಸರಿಪಡಿಸಿದ್ದಾಯಿತು. ಹೊಸ ಪಟ್ಟಾವನ್ನು ಆಗ ಮುಂಬಯಿಯಲ್ಲಿದ್ದ ಅಣ್ಣನ ಮಗ ಕಳಿಸಿದರು. ಒತ್ತುಗಾಲಿ ಸಿಗಲಿಲ್ಲ. ಕಂಪನಿಯದು ಪರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರು, ಆದರೂ ತರಿಸಲು ಹೇಳಿದೆವು. ಅಷ್ಟು ದಿನ ಗಾಡಿ ನಿಂತರೆ ಸವದತ್ತಿಯ ಬಸುರಿಯರು ಏನು ಮಾಡಬೇಕು ಎಂದು ಬಾಯಾರು ಚಿಂತಿಸುತ್ತಿದ್ದಾಗ ಮಿಸ್ತ್ರಿ ತಮ್ಮ ಲೇಥಿನ ಮೇಲೆ ಒಂದು ಗಾಲಿ ತಯಾರಿಸಿ ತಂದರು. ಉಕ್ಕಿನದು, ನುಣುಪಾಗಿತ್ತು. ಒಳಗೆ ಜಿನ್ನಿನ ಯಂತ್ರದ ಗಟ್ಟಿ ಬೇರಿಂಗು ಕೂಡಿಸಿ, ಗ್ರೀಸು ತುಂಬಿ, ಎರಡೂ ಕಡೆ ಮುಚ್ಚಿದ್ದರು. ಕಂಪನಿಯದಕ್ಕಿಂತ ನೋಡಲು ಚಂದ ಎಂದು ನನಗೇ ಅನ್ನಿಸಿತು. ಒಂದೇ ಫರಕು. ಕಂಪನಿಯ ಗಾಲಿಗೆ ಒಂದು ಸ್ಪ್ರಿಂಗು ಇರುತ್ತದೆ. ಪಟ್ಟಾವನ್ನು ಎಷ್ಟು ಒತ್ತಬೇಕೋ ಅಷ್ಟೇ ಅದು ಒತ್ತುತ್ತದೆ, ಆಮೇಲೆ ನಟ್ಟು ಬಿಗಿಯುವುದು. ಮಿಸ್ತ್ರಿಯ ಗಾಲಿಗೆ ಸ್ಪ್ರಿಂಗು ಇರಲಿಲ್ಲ.

"ಇದ ನನ್ನ ಸ್ಪ್ರಿಂಗು" ಎಂದು ಅವರು ತಮ್ಮ ಹೆಬ್ಬೆರಳು ತೋರಿಸಿದರು.

ಗಾಡಿ ಓಡಿತು. ಚೆನ್ನಾಗಿಯೇ ಓಡಿತು, ಮೊದಲಿಗಿಂತ ಸದ್ದು ಕಡಿಮೆ. ಬಾಯಾರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ಹಳೆಯ ಸ್ಟೆಥೊಸ್ಕೋಪನ್ನು ಗಾಡಿಗೆಂದೇ ಇಟ್ಟರು. ಮುಂಜಾನೆ ರೋಗಿಗಳು ಕಟ್ಟೆಯ ಮೇಲೆ ಕೂತಿರುವಾಗ ಬಾನೆಟ್ಟು ಎತ್ತಿ, ಎಂಜಿನ್ನು ಚಾಲೂ ಮಾಡಿ, ಪಟ್ಟಾದ ಮುಚ್ಚಳದ ಮೇಲೆ ಅದನ್ನಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಬ್ಬ ಮುದುಕಿ ಗಾಬರಿಯಿಂದ ಕೇಳಿದಳು: "ಗಾಡಿಗಿ ಏನಾಗೇತ್ರೀ ಬಾಯಾರ?"

"ದಿನಾ ತುಂಬ್ಯಾವವ್ವ."

ಕಟ್ಟೆ ತುಂಬ ನಗೆ. ಅವರು ನಗಲಿಲ್ಲ. ಟ್ಯೂಬು ಸುತ್ತುತ್ತ ನನಗೆ ಹೇಳಿದರು: "ಏನೂ ಕೇಳಸವಲ್ತು, ಕಂಪೌಂಡರ. ಅದ ನನಗ ಸೇರವಲ್ತು."

ಆಗ ನನಗೆ ತಿಳಿಯಲಿಲ್ಲ. ಸದ್ದಿಲ್ಲದಿರುವುದು ಒಳ್ಳೆಯದಲ್ಲವೇ? ಮುಂದೊಂದು ದಿನ ಮಿಸ್ತ್ರಿಯ ಎದುರಿಗೇ ಅದನ್ನು ಬಿಡಿಸಿ ಹೇಳಿದರು. ರಜೆಗೆ ಬಂದಿದ್ದ ಅಣ್ಣನ ಮಗ, ಮುಂಬಯಿಯ ರೇಸಿನವರು ಕಂಪನಿಯ ಒತ್ತುಗಾಲಿ ಕಿತ್ತೊಗೆದು ಹೊರಗೆ ಮಾಡಿಸಿದ ಗಟ್ಟಿ ಗಾಲಿಯನ್ನೇ ಹಾಕುತ್ತಾರೆ ಎಂದಿದ್ದರು. ಮಿಸ್ತ್ರಿ ಹಿಗ್ಗಿಹೋದರು.

"ನೋಡ್ರಿ! ಮುಂಬೈದಾಗೂ ಇಮಾಮಸಾಬರ ಅದಾರ!"

"ಅದಾರ" ಎಂದರು ಬಾಯಾರು. "ರೇಸಿನವರು ಓಡಿಸಿದ ಸಂಜೀಕ ಎಲ್ಲಾ ಬಿಚ್ಚಿ ನೋಡತಾರ. ನಾ ಸಂಜೀಕ ಏನ ಬಿಚ್ಚಲಿ? ರೋಗಿಗಳ ಪಟ್ಟಿ ಬಿಚ್ಚತೇನಿ. ನಿಮ್ಮ ಗಾಲಿ ಗಟ್ಟಿ ಅದ, ಇಲ್ಲನ್ನೂದಿಲ್ಲ. ಆದ್ರ ಅದು ಮೂಕ. ಕಂಪನೀದರ ಬೇರಿಂಗು ಸಣ್ಣದು, ಕೆಡೂ ಮುಂದ ಎಂಟ್ಹತ್ತ ದಿನಾ ಮೊದಲ ಕುಂಯ್‍ಗುಡತದ. ನನಗ ಹೇಳಿ ಕೆಡೂದು ಬೇಕು. ಹೇಳದ ಕೆಡೂದರ ಜೋಡಿ ನಾ ದಿನಾ ಬಡದಾಡಿ ಸಾಕಾಗೇನಿ."

ಮಿಸ್ತ್ರಿ ಮುಖ ಸಣ್ಣದು ಮಾಡಿ, "ಹಂಗಾರ ನಿಮ್ಮ ಕಂಪನಿ ಗಾಲಿ ಡಬ್ಬಿ ಬಂದಾಗ ನಂದು ಬಿಚ್ಚಿ ಒಗಿತೇನ್ರಿ" ಎಂದರು.

ಡಬ್ಬಿ ಕೊನೆಗೂ ಬಂತು. ಪರದೇಶಿ ಅಕ್ಷರದ, ಮೊಹರು ಒಡೆಯದ ಗಟ್ಟಿ ಕಾಗದದ ಡಬ್ಬಿ. ಮಿಸ್ತ್ರಿ ಅದನ್ನು ತಿರುವಿ ನೋಡಿ ಕೆಳಗಿಟ್ಟರು. "ಹಾಕೂದೇನು? ನೀವ ಹೇಳ್ರಿ." ಬಾಯಾರು ಹಾಕಿ ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ.

"ನಾ ಕೊಟ್ಟ ಗುಳಿಗಿ ಇದ ಯಾಕ, ಅದ ಯಾಕಲ್ಲ ಅಂತ ನೀವು ಎಂದರ ಕೇಳೀರೇನು? ಗಾಡಿ ನಿಮ್ಮ ಕೈಯಾಗ ಅದ. ನೀವ ಯಾವದ ಹಾಕತೀರೋ ಅದರ ಮ್ಯಾಲ ನಾ ಕೂಡತೇನಿ."

ಮಿಸ್ತ್ರಿ ತಮ್ಮ ಗಾಲಿಯನ್ನೇ ಉಳಿಸಿದರು. ಡಬ್ಬಿ ನನ್ನ ಕಪಾಟಿನಲ್ಲಿ, ಅರ್ಕದ ಬಾಟಲಿಗಳ ಪಕ್ಕ, ಉಳಿಯಿತು. ನಾನು ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ. ಇದು ಬಾಯಾರ ದೊಡ್ಡತನವೋ ಹಟವೋ ಇಂದಿಗೂ ಹೇಳಲಾರೆ. ಎರಡೂ ಇದ್ದೀತು.

ಮಿಸ್ತ್ರಿಗೆ ಒಬ್ಬಳೇ ಮಗಳು, ಶಮೀಮ. ರಾಮದುರ್ಗಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸಣ್ಣ ಮೈಕಟ್ಟಿನ ಹುಡುಗಿ. ಪರೀಕ್ಷೆ ಮಾಡಿ ಹೊರಗೆ ಬಂದ ಬಾಯಾರು ಮಿಸ್ತ್ರಿಯನ್ನು ಕೂಡಿಸಿಕೊಂಡು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ.

"ಕೂಸು ದೊಡ್ಡದದ, ದಾರಿ ಸಣ್ಣದದ. ತಾನಾಗೇ ಆದ್ರ ಚಲೋನ ಆತು. ಆಗದಿದ್ರ ಹೊಟ್ಟಿ ಕೊಯ್ದು ತಗೀಬೇಕಾಗತದ. ಅದು ಧಾರವಾಡದಾಗ. ನನ್ನ ಗಾಡಿಯೊಳಗ ಒಯ್ಯೂಣು."

"ನೀವ ಮಾಡ್ರಿ ಬಾಯಾರ. ನಿಮ್ಮ ಕೈಗುಣ ಊರಿಗೆ ಗೊತ್ತೈತಿ. ಧಾರವಾಡದವರ ಕೈ ಯಾರ ನೋಡ್ಯಾರ?"

ಬಾಯಾರು ಹಿಂದೆ ಅಂಥ ಶಸ್ತ್ರಕ್ರಿಯೆ ಮಾಡಿದ್ದುಂಟು, ದವಾಖಾನೆಯ ಹಿಂದಿನ ಕೋಣೆಯಲ್ಲಿ, ಬೇರೆ ದಾರಿಯೇ ಇಲ್ಲದಾಗ. ಮಿಸ್ತ್ರಿಗೂ ಅದು ಗೊತ್ತಿತ್ತು.

ಮರುದಿನ ಮಿಸ್ತ್ರಿ ಬಂದು ಗಾಡಿಯ ಸುತ್ತ ಸುಳಿದಾಡಿದರು. ಅದರ ಮರುದಿನವೂ ಬಂದರು. ಬಾನೆಟ್ಟು ಎತ್ತಿದರು, ಇಳಿಸಿದರು. ನಾನು ಕಾಗದದ ಪಟ್ಟಿ ಕತ್ತರಿಸುತ್ತ ಕಿಟಕಿಯಿಂದ ನೋಡುತ್ತಿದ್ದೆ. ಮೂರನೆಯ ಸಲ ಒಳಗೇ ಬಂದರು. ನನ್ನ ಮುಖ ನೋಡಲಿಲ್ಲ.

"ಭಟ್ಟರ, ಆ ಡಬ್ಬಿ ಎಲ್ಲಿ ಇಟ್ಟೀರಿ?"

ಕೊಟ್ಟೆ. ಮೊಹರನ್ನು ಉಗುರಿನಿಂದ ಬಿಡಿಸಿದರು. ಮಧ್ಯಾಹ್ನದವರೆಗೆ ಕೆಲಸ ಮಾಡಿದರು. ಗುರುತುಗಳನ್ನು ಹೊಂದಿಸಿ, ಸ್ಪ್ರಿಂಗು ತಾನಾಗಿ ಒತ್ತಲು ಬಿಟ್ಟು, ಆಮೇಲೆ ನಟ್ಟು ಬಿಗಿದರು. ಎಂಜಿನ್ನನ್ನು ಕೈಯಿಂದ ತಿರುಗಿಸಿ, ಮತ್ತೆ ಸಡಿಲಿಸಿ, ಮತ್ತೆ ಬಿಗಿದರು. ಬಾಯಾರು ಎರಡು ಸಲ ಅವರನ್ನು ದಾಟಿ ಹೋದರು. ಬೇರೆ ದಿನವಾಗಿದ್ದರೆ ಅವರ ಬಾಯಿಗೆ ಹಬ್ಬವಾಗುತ್ತಿತ್ತು. ಬಿಚ್ಚಿದ ಗಾಲಿಯನ್ನು ಮಿಸ್ತ್ರಿ ಅರಿವೆಯಲ್ಲಿ ಒರೆಸಿ ಕಿಸೆಗೆ ಹಾಕಿಕೊಂಡರು. ಅದರಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. ಇದನ್ನು ನಾನು ನೋಡಿದ್ದೇನೆ. ಇನ್ನೂ ಎಷ್ಟು ವರ್ಷ ಓಡುತ್ತಿತ್ತೋ ಬಲ್ಲವರಿಲ್ಲ.

ಕೆಲ ದಿನಗಳಲ್ಲೇ ಶಮೀಮಳಿಗೆ ನೋವು ಹತ್ತಿತು. ಮುಂಜಾನೆ ಕರೆತಂದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಸೋತಿದ್ದಳು, ಕೂಸು ಇಳಿದಿರಲಿಲ್ಲ. ಬಾಯಾರು ಹೊರಗೆ ಬಂದು ಒಂದು ಚೀಟಿಯಲ್ಲಿ ಎಲ್ಲ ಬರೆದು ನನ್ನ ಕೈಗೆ ಕೊಟ್ಟರು. ಮಿಸ್ತ್ರಿ ಬಾಗಿಲಿಗೆ ಅಡ್ಡ ನಿಂತರು.

"ದಾರಿಯೊಳಗ ಏನರ ಆದ್ರ? ಇಲ್ಲೇ ಮಾಡ್ರಿ, ನಿಮ್ಮ ಕಾಲ ಬೀಳತೇನಿ. ನಿಮ್ಮ ಮ್ಯಾಲ ನನಗ ಪೂರಾ ಭರೋಸಾ ಐತಿ."

"ನಿಮ್ಮ ಗಾಲಿ ಮ್ಯಾಲ ಇರಲಿಲ್ಲೇನು ಭರೋಸಾ?"

ಮಿಸ್ತ್ರಿ ಬಾಗಿಲ ಚೌಕಟ್ಟಿನಿಂದ ಒಂದು ಕೈ ತೆಗೆದರು.

"ಇತ್ತು. ಆದ್ರೂ ಬಿಚ್ಚಿದ್ರಿ. ಬಿಚ್ಚೂ ಮುಂದ ನಿಮಗ ಹೆಂಗಾತೋ, ನನಗೂ ಈಗ ಹಂಗ ಆಗೇದ. ನನ್ನ ಕೈ ಚಲೋ ಅದ, ಇಮಾಮಸಾಬ. ಆದ್ರ ಇಲ್ಲಿ ರಕ್ತ ಇಲ್ಲ, ಭೂಲು ಕೊಟ್ಟ ಎಚ್ಚರಾ ತಪ್ಪಸವರು ಇಲ್ಲ. ಏನರ ಕೆಟ್ಟರ ಹಿಂದ ಯಾರೂ ಇಲ್ಲ. ಸರೀರಿ."

ಅವರು ಸರಿದರು. ಗಾಡಿಯಲ್ಲಿ ನಾಲ್ಕೇ ಜನಕ್ಕೆ ಜಾಗ. ಹಿಂದೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಶಮೀಮ, ಮುಂದೆ ನಾನು ಸಲೈನ್ ಬಾಟಲಿ ಎತ್ತಿ ಹಿಡಿದು ಹಿಂದಕ್ಕೆ ತಿರುಗಿ ಕೂತೆ. ತಾವು ಹೊಂದಿಸಿದ ಎಂಜಿನ್ನಿನ ಸದ್ದು ಕೇಳುತ್ತ ಮಿಸ್ತ್ರಿ ರಸ್ತೆಯಲ್ಲೇ ಉಳಿದರು. ಹಿಂದಿನ ಗಾಜಿನಲ್ಲಿ ಅವರು ಸಣ್ಣದಾಗುತ್ತ ಹೋದದ್ದು ನನಗೆ ಕಾಣುತ್ತಿತ್ತು. ತಲೆ ಒಂದು ಕಡೆ ವಾಲಿಸಿದ್ದರು.

ಕಿತ್ತೂರಿನ ತನಕ ರಸ್ತೆ ಕೆಟ್ಟದ್ದು. ಹತ್ತಿ ಹೇರಿದ ಚಕ್ಕಡಿಗಳು ಎದುರಿನಿಂದ ಸಾಲಾಗಿ ಬರುತ್ತಿದ್ದವು. ಬಾಯಾರು ಹಾರ್ನು ಬಾರಿಸಲಿಲ್ಲ, ಎತ್ತು ಬೆದರುತ್ತವೆಂದು. ತಗ್ಗಿಗೆ ಇಳಿಸಿ, ಹತ್ತಿಸಿ, ಒಂದು ಕುಲುಕೂ ಹೆಚ್ಚಾಗದಂತೆ ಓಡಿಸಿದರು. ಕಿತ್ತೂರು ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಕಾಲು ಒತ್ತಿದರು. ಆ ಎಂಜಿನ್ನು ಎಂಥದೆಂದು ನನಗೆ ಅಂದೇ ತಿಳಿದದ್ದು. ಬಯಲಿನ ಬಿಳಿಜೋಳ ಒಂದೇ ಹಸಿರು ಗೆರೆಯಾಯಿತು. ನಾನು ಸ್ತೋತ್ರ ಹೇಳಿಕೊಳ್ಳಲಿಲ್ಲ, ನೆನಪಾಗಲೇ ಇಲ್ಲ. ಹನಿಗಳನ್ನು ನೋಡುತ್ತಿದ್ದೆ.

"ಕಂಪೌಂಡರ, ಏನರ ಕುಂಯ್‍ಗುಡತದೇನು?"

"ಇಲ್ರಿ."

"ಶಮೀಮ?"

ಆಕೆಯ ತಾಯಿ ಅಂದಳು: "ನರಳೂದು ನಿಂತೈತ್ರಿ ಬಾಯಾರ."

ಬಾಯಾರು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದರು. "ಏ ಶಮೀಮ! ನರಳವಾ! ಸುಮ್ಮನಿರಬ್ಯಾಡ, ಜೋರಾಗಿ ನರಳು!" ಎಂದು ಆ ದೊಡ್ಡ ದನಿಯಲ್ಲಿ ಕೂಗಿದರು. ಹುಡುಗಿ ಬೆಚ್ಚಿ ಕಣ್ಣು ತೆರೆದು "ಅಮ್ಮಾ" ಎಂದಳು. ಧಾರವಾಡ ಬರುವವರೆಗೆ ಬಾಯಾರು ಆಕೆಯನ್ನು ಸುಮ್ಮನಿರಗೊಡಲಿಲ್ಲ.

ಆಸ್ಪತ್ರೆಯ ಬಾಗಿಲಿಗೇ ಗಾಡಿ ತಂದು ನಿಲ್ಲಿಸಿದರು. ಹುಡುಗಿಯನ್ನು ಒಳಗೆ ಒಯ್ದರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಒಬ್ಬ ಡಾಕ್ಟರು ಬಂದರು. ನಾನು ಚೀಟಿ ಕೊಟ್ಟೆ. ಅವರು ಓದುತ್ತ ತಲೆ ಆಡಿಸಿ, "ಭಾಳ ಚಲೋ ಬರದಾರ. ಡಾಕ್ಟರು ಬಂದಿಲ್ಲೇನು?" ಎಂದರು. ಆಮೇಲೆ ಬಾಯಾರ ಕಡೆ ತಿರುಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಸೀರೆಗೆ ಮಣ್ಣು, ಕೈಯಲ್ಲಿ ಗಾಡಿಯ ಚಾವಿ.

"ನೀವು ಯಾರು?"

"ಡ್ರೈವರ್" ಎಂದರು ಬಾಯಾರು.

ನಾನು ಬಾಯಿ ತೆರೆದೆ. ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದರು. ಡಾಕ್ಟರಿಗೆ ಅಚ್ಚರಿಪಡಲು ಪುರಸೊತ್ತಿರಲಿಲ್ಲ, ಒಳಗೆ ಓಡಿದರು.

"ಯಾಕ್ರಿ ಬಾಯಾರ?"

"ನಾ ಡಾಕ್ಟರ್ ಅಂದ್ರ ಅವ ಮಾತಮಾತಿಗೆ ನನ್ನ ಮಾರಿ ನೋಡತಾನ. ಹುಡುಗ ಅದಾನ, ನನ್ನ ವಯಸ್ಸಿಗೆ ಅಂಜತಾನ. ಅವನ ಕೈ ಅವನ ಕೆಲಸಾ ಮಾಡ್ಲಿ. ಕುಂಡ್ರಿ."

ನಾವು ಬೆಂಚಿನ ಮೇಲೆ ಕೂತೆವು. ಹೆರಿಗೆ ಕೋಣೆಯ ಬಾಗಿಲಿನ ಹೊರಗೆ ಕೂತದ್ದು ಅವರಿಗೆ ಅದೇ ಮೊದಲು ಇರಬೇಕು. ಉಳಿದ ಎಲ್ಲರಂತೆ ಅವರೂ ಬಾಗಿಲು ಅಲುಗಿದಾಗೆಲ್ಲ ಎದ್ದು ನಿಲ್ಲುತ್ತಿದ್ದರು, ಕೂಡುತ್ತಿದ್ದರು. ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು, ಯಾವುದೋ ಸಾಮಾನನ್ನು ಇಟ್ಟಂತೆ. ಶಮೀಮಳ ತಾಯಿ ಮಾತ್ರ ಅವರ ಸೆರಗಿನ ತುದಿ ಬಿಟ್ಟಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಶಮೀಮಳ ಸುದ್ದಿ ಇನ್ನೂ ಹೊರಗೆ ಬಂದಿರಲಿಲ್ಲ. ಆ ಹೊತ್ತಿನಲ್ಲೇ ಮಿಸ್ತ್ರಿ ಹತ್ತಿಯ ಲಾರಿಯೊಂದರಿಂದ ಇಳಿದು, ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಓಡಿ ಬಂದರು. ನಮ್ಮ ಮುಂದೆ ನಿಂತರು. ನರ್ಸು ಬಾಗಿಲು ತೆರೆದು, "ಹುಡುಗಿ ಕಣ್ಣ ತಗದಾಳ. ಕೂಸೂ ಅರಾಮ ಐತಿ. ಗಂಡು. ಒಬ್ಬರ ಬರ್ರಿ" ಎಂದಳು.

ಮಿಸ್ತ್ರಿ ಬಾಯಾರನ್ನು ನೋಡಿದರು. "ಮೊದಲ ನೀವು ಹೋಗ್ರಿ."

"ನಾ ಯಾಕ? ಅಪ್ಪ ನೀವು. ನಡೀರಿ, ಆ ಹತ್ತಿ ಜಾಡಿಸ್ಕೊಂಡ ಹೋಗ್ರಿ."

ಅವರು ಒಳಗೆ ಹೋದರು. ಬಾಯಾರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಬಾಗಿಲ ಕಾವಲಿನವನು ಕೋಲು ಬಡಿಯುತ್ತ ಬಂದ.

"ಏ ಡ್ರೈವರಬಾಯಿ! ಆ ಕೆಂಪ ಗಾಡಿ ನಿಮ್ಮದಲ್ಲಾ? ಬಾಗಲದಾಗ ಅಡ್ಡ ಹಚ್ಚಿ ಇಲ್ಲಿ ಆರಾಮ ಕುಂತೀರಿ. ಬ್ಯಾರೆ ಪೇಶಂಟ ಬರೂದಿಲ್ಲೇನು? ತಗೀರಿ, ತಗೀರಿ!"

ಬೈಲಹೊಂಗಲದಲ್ಲಿ ಅವರಿಗೆ ಹಾಗೆ ಅಂದವರಿರಲಿಲ್ಲ. ಬಾಯಾರು ತಟ್ಟನೆ ಎದ್ದರು, ಸೆರಗು ಸರಿಪಡಿಸಿಕೊಂಡರು.

"ತಪ್ಪಾತ್ರಿ ಯಪ್ಪಾ, ತಗದ್ನಿ" ಎಂದು, ಚಾವಿ ಗಲಗಲ ಮಾಡುತ್ತ, ಅವನ ಮುಂದೆ ಮುಂದೆ ಓಡಿದರು.